ಕಬ್ಬಿಣದ ಇನ್ನೊಂದು ಗುಣ

ಭದ್ರಾವತಿಯೆಂದರೆ ಕಬ್ಬಿಣದ ಊರು. 1923ರಲ್ಲಿ ಅಲ್ಲಿಯ ಊದುಕುಲುಮೆ ಉರಿಯತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು ಕಬ್ಬಿಣವಾಯಿತು. ಈ ಲೋಹಕ್ಕೆ ಇನ್ನೊಂದು ಗುಣವುಂಟು. ಗಾಳಿಯ ಸಾರಜನಕದ ಬಿಗಿಯಾದ ಬಂಧವನ್ನು ಅದು ಸಡಿಲಿಸಿ, ಜಲಜನಕದೊಡನೆ ಕೂಡಿಸಿ, ಅಮೋನಿಯವಾಗಿಸುತ್ತದೆ, ತಾನು ವ್ಯಯವಾಗುವುದಿಲ್ಲ. ಇಂತಹ ವಸ್ತುವೇ ಕ್ರಿಯಾವರ್ಧಕ. ಶಿವಮೊಗ್ಗೆಯ ಸುತ್ತಣ ಗದ್ದೆಗಳಿಗೆ ಬೀಳುವ ಯೂರಿಯಕ್ಕೆ ಅಮೋನಿಯವೇ ಮೂಲ.

ಆದರೆ ಈ ಕ್ರಿಯೆಗೆ 400 ಡಿಗ್ರಿಯಷ್ಟು ಶಾಖವೂ, ವಾಯುಭಾರದ ನೂರು ಮಡಿಗೂ ಮಿಕ್ಕ ಒತ್ತಡವೂ ಬೇಕು. ಜಲಜನಕವಾದರೋ ಬಹುಪಾಲು ನೈಸರ್ಗಿಕ ಅನಿಲ, ಕಲ್ಲಿದ್ದಲುಗಳಿಂದ ಬರುತ್ತದೆ. ಬಿಸಿಲು, ಗಾಳಿಗಳ ವಿದ್ಯುತ್ತಿನಿಂದ ನೀರನ್ನೊಡೆದು ಅದನ್ನು ಪಡೆಯಬಹುದು. ಆ ವಿದ್ಯುತ್ತು ಹೊತ್ತಿಗೊಂದು ಬಗೆ. ಅದರೊಡನೆ ಹೊಂದಿ ನಡೆಯುವ ಸಣ್ಣ ಸ್ಥಾವರಕ್ಕೆ ಒತ್ತಡ ಕಡಿಮೆಯಿರುವುದು ಲೇಸು. ರುಥೇನಿಯಂ ಲೋಹ ಅದಕ್ಕೆ ಒದಗುತ್ತದೆ. ಆದರೆ ಬೆಲೆ ಬಹಳ. ಅಗ್ಗದ ಕಬ್ಬಿಣವನ್ನೇ ಇನ್ನಷ್ಟು ಚುರುಕುಗೊಳಿಸಬಲ್ಲವರು ರೈತನಿಗೆ ದೊಡ್ಡ ಉಪಕಾರ ಮಾಡಿದವರಾಗುತ್ತಾರೆ.