ಹಿಂದುಮುಂದಾದ ಮಸೂರ

ಕಿರಿದನ್ನು ಹಿರಿದಾಗಿ ತೋರಿಸುವ ಛಾಯಾಗ್ರಹಣಕ್ಕೆ ದೊಡ್ಡ ಹಣವೇ ಬೇಕೆಂಬ ನಂಬಿಕೆ ಬೇರೂರಿರುವುದರಿಂದ, ಐವತ್ತು ಸಾವಿರ ರೂಪಾಯಿಗೂ ಮೀರುವ ಮ್ಯಾಕ್ರೊ ಲೆನ್ಸನ್ನು ಕಂತಿನ ಸಾಲದ ಮೇಲೆ ಕೊಳ್ಳಲು ಮುಂದಾಗುವ ತರುಣರು ನಮ್ಮ ರಾಯಚೂರಿನಲ್ಲಿಯೂ ಇದ್ದಾರೆ. ಅವರ ಉತ್ಸಾಹ ಗೌರವಾರ್ಹವಾದುದು. ಆದರೆ ಸಾಲಪತ್ರಕ್ಕೆ ರುಜು ಹಾಕುವ ಮುನ್ನ, ಮನೆಯಲ್ಲಿ ಈಗಾಗಲೇ ಇರುವ ಕ್ಯಾಮೆರಾದ ಸಾಮರ್ಥ್ಯವನ್ನು ಪರೀಕ್ಷಿಸಿ ನೋಡಲೇಬೇಕೆಂಬುದು ಸ್ವಾನುಭವದಿಂದ ನನ್ನಲ್ಲಿ ಮೂಡಿದ ದೃಢವಾದ ಅಭಿಪ್ರಾಯ.

ನಾನು ಕೊಂಡುದು ಕೆಲವು ನೂರು ರೂಪಾಯಿ ಬೆಲೆಯ ರಿವರ್ಸ್ ರಿಂಗ್, ಎಂದರೆ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ಜೋಡಿಸುವ ಒಂದು ಲೋಹದ ಬಳೆ. ಹೀಗೆ ತಿರುಗಿಸಿದ 50 ಮಿಲಿಮೀಟರಿನ ಲೆನ್ಸು ವಸ್ತುವನ್ನು ಹೆಚ್ಚುಕಡಿಮೆ ಅದರ ನಿಜವಾದ ಗಾತ್ರದಲ್ಲಿಯೇ ಸೆನ್ಸರಿನ ಮೇಲೆ ಮೂಡಿಸುತ್ತದೆ. ಬೆಳಕಿನ ರಂಧ್ರವನ್ನು ಬೆರಳಿನಿಂದಲೇ ಹೊಂದಿಸುವ ಅನುಕೂಲ ಹಳೆಯ ಲೆನ್ಸುಗಳಲ್ಲಿ ಇರುವುದರಿಂದ, ಈ ಕಾರ್ಯಕ್ಕೆ ಹೊಸದಕ್ಕಿಂತ ಹಳೆಯದೇ ಲೇಸು.

ದೇವದುರ್ಗದ ಕಡೆಯ ಹತ್ತಿ ಹೊಲವೊಂದರಲ್ಲಿ, "ಹೂವು ಅರಳವಲ್ದು ನೋಡಪಾ, ಒಳಗ ಹುಳ ಅದ" ಎಂದು ಮಾವ ಕಿತ್ತುಕೊಟ್ಟ ಹೂವನ್ನು ಈ ಲೆನ್ಸಿನ ಮುಂದೆ ಹಿಡಿದಾಗ, ಗುಲಾಬಿಯ ಮೊಗ್ಗಿನಂತೆ ತಿರುಚಿಕೊಂಡಿದ್ದ ಎಸಳುಗಳನ್ನು ಒಂದಕ್ಕೊಂದು ಹೆಣೆದಿದ್ದ ರೇಷ್ಮೆಯಂಥ ಎಳೆಗಳೂ, ಅವುಗಳೊಳಗೆ ಅಡಗಿದ್ದ ಗುಲಾಬಿ ಕಾಯಿಕೊರಕದ ಮರಿಹುಳುವೂ ಸ್ಪಷ್ಟವಾಗಿ ಗೋಚರಿಸಿದುವು. ಒಂದು ಬೆಳೆಯ ಆದಾಯವನ್ನೇ ತಿನ್ನಬಲ್ಲ ಶತ್ರುವಿನ ಮುಖವನ್ನು ಬೆಳೆದವನಿಗೇ ತೋರಿಸುವುದಕ್ಕಿಂತ ಉತ್ತಮವಾದ ವಿನಿಯೋಗವು ಈ ಉಪಕರಣಕ್ಕೆ ಇರಲಾರದು.

ಮಾನ್ವಿಯ ಗದ್ದೆಗಳ ಪಾಠ ಬೇರೆ. ಭತ್ತದ ಬುಡದಲ್ಲಿ, ನೀರಿನ ಮಟ್ಟಕ್ಕೆ ಸಮೀಪವಾಗಿ ಕುಳಿತು ರಸ ಹೀರುವ ಕಂದು ಜಿಗಿಹುಳುವನ್ನು ಸೆರೆಹಿಡಿಯಬೇಕಾದರೆ, ತಿರುಗಿಸಿದ ಲೆನ್ಸನ್ನು ಬಹಳ ಹತ್ತಿರಕ್ಕೆ ಒಯ್ಯಬೇಕು. ಆಗ ಲೆನ್ಸಿನ ನೆರಳೇ ಹುಳುವಿನ ಮೇಲೆ ಬೀಳುವುದು. ಇದರ ಮೇಲೆ, ನಿಜಗಾತ್ರದ ಚಿತ್ರದಲ್ಲಿ ಸೆನ್ಸರಿಗೆ ತಲುಪುವ ಬೆಳಕು ಸಾಮಾನ್ಯದ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಹಣ ಹಾಕಬೇಕಾದುದು ಗಾಜಿಗಲ್ಲ, ಬೆಳಕಿಗೆ: ಎರಡು ಮೂರು ಸಾವಿರ ರೂಪಾಯಿಯೊಳಗಿನ ಸಾಧಾರಣ ಫ್ಲ್ಯಾಶೊಂದು, ಅದರ ಮುಂದೆ ಬಿಳಿಯ ತೆಳು ಪ್ಲಾಸ್ಟಿಕ್ಕಿನ ಒಂದು ಪರದೆ.

ಮೆಣಸಿನ ಗಿಡಕ್ಕೆ ಮುಟುರು ತರುವ ಥ್ರಿಪ್ಸ್ ನುಸಿಯಾದರೋ ಒಂದು ಮಿಲಿಮೀಟರಿನಷ್ಟು ಮಾತ್ರದ ಜೀವಿ. 22 ಮಿಲಿಮೀಟರ್ ಅಗಲದ ಸೆನ್ಸರಿನಲ್ಲಿ ಅದರ ನಿಜಗಾತ್ರದ ಬಿಂಬವು ಒಂದು ಚುಕ್ಕೆಯಷ್ಟೇ. ಬಹುಪಾಲು ದುಬಾರಿ ಮ್ಯಾಕ್ರೊ ಲೆನ್ಸುಗಳ ಹಿಗ್ಗಿಸುವ ಮಿತಿಯೂ ನಿಜಗಾತ್ರವೇ. ಆದರೆ ಕ್ಯಾಮೆರಾದೊಡನೆ ಬಂದ 18ರಿಂದ 55ರ ಲೆನ್ಸನ್ನು ತಿರುಗಿಸಿ 18ಕ್ಕೆ ಇಟ್ಟರೆ ಅದು ಆ ಮಿತಿಯನ್ನು ದಾಟಿಹೋಗುತ್ತದೆ.

ದೂರದಿಂದಲೇ ಹಿಡಿಯಬೇಕಾದ ಪಾತರಗಿತ್ತಿಗಳಿಗೂ, ಚಿತ್ರಗಳಿಂದಲೇ ಜೀವನ ನಡೆಸುವವರಿಗೂ ನಿಜವಾದ ಮ್ಯಾಕ್ರೊ ಲೆನ್ಸು ಅಗತ್ಯವೆಂಬುದನ್ನು ಒಪ್ಪುತ್ತೇನೆ. ಉಳಿದವರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ಹಂಗಾಮು ಪೂರ್ತಿ ಈ ಬಳೆಯಿಂದಲೇ ಚಿತ್ರ ತೆಗೆಯಿರಿ, ಅನಂತರವೂ ಲೆನ್ಸು ಬೇಕೆನಿಸಿದರೆ ಕೂಡಿಟ್ಟ ಹಣದಿಂದ ಕೊಳ್ಳಿರಿ, ಸಾಲದಿಂದ ಬೇಡ.