ಜಟಕಾ ಬಂಡಿಗೂ ಒಂದು ಕಾನೂನು

ಹೊಸಪೇಟೆ ರೈಲು ನಿಲ್ದಾಣದ ಹೊರಗೆ ಆಟೋಗಳು ಸಾಲಾಗಿ ನಿಂತಿರುವುದನ್ನು ನಾವೆಲ್ಲ ನೋಡಿದ್ದೇವೆ. ಪ್ರತಿ ಆಟೋಗೆ ಒಂದು ನಂಬರ್ ಇದೆ, ಓಡಿಸುವವನಿಗೆ ಲೈಸೆನ್ಸ್ ಮತ್ತು ಬಿಲ್ಲೆ ಇದೆ, ಎಷ್ಟು ಜನ ಕೂರಬಹುದು ಎಂಬ ಮಿತಿ ಇದೆ, ಕಿಲೋಮೀಟರಿಗೆ ಇಷ್ಟು ಎಂಬ ದರ ಇದೆ. ಇವೆಲ್ಲ ಪೆಟ್ರೋಲ್ ಇಂಜಿನ್ ಬಂದ ಮೇಲೆ ಹುಟ್ಟಿದ ನಿಯಮಗಳು ಎಂದು ನಾವು ಭಾವಿಸುತ್ತೇವೆ. ಆದರೆ ಭಾರತದ ರಸ್ತೆಗೆ ಒಂದೇ ಒಂದು ಮೋಟಾರು ಬರುವ ಮೊದಲೇ, ಕುದುರೆ ಎಳೆಯುವ ಬಾಡಿಗೆ ಗಾಡಿಗಳಿಗಾಗಿ ಈ ನಿಯಮಗಳನ್ನು ಬರೆದಿಡಲಾಗಿತ್ತು. ಆ ಹಳೆಯ ನಿಯಮಗಳನ್ನು ಈ ಪಾಠದಲ್ಲಿ ಒಂದೊಂದಾಗಿ ಓದೋಣ. ಪ್ರತಿ ನಿಯಮ ಯಾರನ್ನು ಕಾಪಾಡುತ್ತಿತ್ತು, ಯಾರನ್ನು ಮರೆತಿತ್ತು ಎಂಬುದೇ ನಮ್ಮ ಪ್ರಶ್ನೆ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದುವ ಮೂರೂ ಬಗೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಕೆಲಸವಿದೆ.

ನಮ್ಮ ಊರುಗಳು ಆಗ

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಹೊಸಪೇಟೆ, ಹಂಪಿ, ಕಂಪ್ಲಿ ಈ ಭಾಗದಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ. ಕಂಪ್ಲಿಯಿಂದ ತುಂಗಭದ್ರೆಯನ್ನು ದಾಟಿದರೆ ಗಂಗಾವತಿ ಕಡೆಯ ಸೀಮೆ, ಅಲ್ಲಿ ನಿಜಾಮರ ಆಳ್ವಿಕೆ. ಅಂದರೆ ಒಂದೇ ದಿನದ ಪ್ರಯಾಣದಲ್ಲಿ ಮೂರು ಸರ್ಕಾರಗಳ ಗಡಿ ಸಿಗುತ್ತಿತ್ತು. ಒಂದು ಕಡೆಯ ಲೈಸೆನ್ಸ್ ಇನ್ನೊಂದು ಕಡೆ ತಾನಾಗಿಯೇ ನಡೆಯುವುದಿಲ್ಲ. ಕಾನೂನು ಓದುವಾಗ 'ಇದು ಎಲ್ಲಿಯವರೆಗೆ ಅನ್ವಯ?' ಎಂಬುದು ಮೊದಲ ಪ್ರಶ್ನೆ ಆಗಬೇಕು ಎಂಬುದಕ್ಕೆ ನಮ್ಮ ಊರಿನ ನಕ್ಷೆಯೇ ಒಳ್ಳೆಯ ಪಾಠ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹೊಸಪೇಟೆಯ ಮೂಲಕ ಹಾದುಹೋಯಿತು. ರೈಲು ಬಂದಲ್ಲೆಲ್ಲ ಬಾಡಿಗೆ ಗಾಡಿಗೆ ಕೆಲಸ ಹೆಚ್ಚಾಗುತ್ತದೆ, ಏಕೆಂದರೆ ರೈಲು ನಿಲ್ದಾಣದವರೆಗೆ ಮಾತ್ರ ತರುತ್ತದೆ, ಮನೆಯವರೆಗೆ ತರುವುದಿಲ್ಲ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್, ಸಂಡೂರಿಗೂ ಕಂಪ್ಲಿಗೂ ಸುಮಾರು 30 ಕಿಲೋಮೀಟರ್. ದೂರದ ಹಾದಿಗೆ, ಹೊರೆಗೆ ಎತ್ತಿನ ಗಾಡಿ. ನಿಲ್ದಾಣ, ಪೇಟೆ, ಕಚೇರಿ ಎಂದು ಬೇಗ ತಲುಪಬೇಕಾದವರಿಗೆ ಕುದುರೆ ಗಾಡಿ. ಇದನ್ನು ನಮ್ಮ ನಾಡಿನಲ್ಲಿ ಜಟಕಾ ಎಂದೂ ಟಾಂಗಾ ಎಂದೂ ಕರೆಯುತ್ತಾರೆ. ಈ ಕಸುಬಿನಲ್ಲಿ ಮುಸ್ಲಿಮರು ಬಹಳ ಮಂದಿ ಇದ್ದರು. ಡಿ.ವಿ.ಜಿ. ಅವರು 1943ರ 'ಮಂಕುತಿಮ್ಮನ ಕಗ್ಗ'ದಲ್ಲಿ ಬದುಕನ್ನು ಜಟಕಾ ಬಂಡಿಗೆ ಹೋಲಿಸಿದಾಗ, ಅದನ್ನು ಓಡಿಸುವವನನ್ನು 'ಸಾಹೇಬ' ಎಂದೇ ಕರೆದರು. ಓದುಗರಿಗೆ ಅದನ್ನು ವಿವರಿಸುವ ಅಗತ್ಯವೇ ಇರಲಿಲ್ಲ.

ಎರಡು ಬಗೆಯ ಗಾಡಿ

ಆ ಕಾಲದ ಕಾನೂನು ಬಾಡಿಗೆ ಗಾಡಿಗಳನ್ನು ಎರಡು ಬಗೆಯಾಗಿ ನೋಡಿತು.

ಮೊದಲನೆಯದು ಊರಿಂದೂರಿಗೆ ಪ್ರಯಾಣಿಕರನ್ನು ಒಯ್ಯುವ 'ಸ್ಟೇಜ್ ಕ್ಯಾರೇಜ್'. ಇದಕ್ಕೆ 1861ರಲ್ಲಿ ಕಾಯ್ದೆ ಬಂತು. ಬಾಡಿಗೆಗೆ ಜನರನ್ನು ಸಾಗಿಸುವ ಕುದುರೆ ಗಾಡಿಗೆ ಲೈಸೆನ್ಸ್ ಬೇಕು. ಅದರಲ್ಲಿ ಮಾಲೀಕನ ಹೆಸರು ಮತ್ತು ವಾಸಸ್ಥಳ, ಗಾಡಿಯಲ್ಲಿ ಕೂರಬಹುದಾದ ಜನರ ಸಂಖ್ಯೆ, ಹೇರಬಹುದಾದ ಸಾಮಾನಿನ ತೂಕ, ಎಳೆಯುವ ಕುದುರೆಗಳ ಸಂಖ್ಯೆ ಇವೆಲ್ಲ ಬರೆದಿರಬೇಕು.

ಎರಡನೆಯದು ಊರೊಳಗೆ ಕರೆದಲ್ಲಿಗೆ ಬರುವ ಗಾಡಿ. ಇಂಗ್ಲಿಷ್ ಕಾನೂನಿನಲ್ಲಿ ಇದರ ಹೆಸರು 'ಹ್ಯಾಕ್ನಿ ಕ್ಯಾರೇಜ್'. ಮುಂಬಯಿಗೆ 1863ರಲ್ಲೇ ಇಂಥ ಗಾಡಿಗಳ ಬಗ್ಗೆ ಪ್ರತ್ಯೇಕ ಕಾಯ್ದೆ ಇತ್ತು. 1879ರಲ್ಲಿ ಭಾರತ ಸರ್ಕಾರ 14ನೇ ಕಾಯ್ದೆಯಾಗಿ ಹ್ಯಾಕ್ನಿ ಕ್ಯಾರೇಜ್ ಕಾಯ್ದೆಯನ್ನು ತಂದಿತು. ಇದು ಮುಖ್ಯವಾಗಿ ಉತ್ತರ ಮತ್ತು ಮಧ್ಯ ಭಾರತದ ಪ್ರಾಂತ್ಯಗಳಿಗೆ ಮಾಡಿದ ಕಾಯ್ದೆ, ಮದ್ರಾಸ್ ಪ್ರಾಂತ್ಯಕ್ಕಲ್ಲ. ಆದರೂ ಬಾಡಿಗೆ ಗಾಡಿಯ ನಿಯಮ ಎಂದರೆ ಆ ಕಾಲದವರು ಏನು ಭಾವಿಸಿದ್ದರು ಎಂದು ತಿಳಿಯಲು ಇದಕ್ಕಿಂತ ಅಚ್ಚುಕಟ್ಟಾದ ಪಟ್ಟಿ ಸಿಗುವುದಿಲ್ಲ. ಆದ್ದರಿಂದ ಅದನ್ನೇ ಬಿಡಿಸಿ ನೋಡೋಣ.

1879ರ ಕಾಯ್ದೆಯ ಒಳಗೆ

ಈ ಕಾಯ್ದೆ ತಾನೇ ದರ ನಿಗದಿ ಮಾಡಲಿಲ್ಲ. ಊರಿನ ಮುನಿಸಿಪಾಲಿಟಿಗೆ ನಿಯಮ ಮಾಡುವ ಅಧಿಕಾರ ಕೊಟ್ಟು, ಯಾವ ಯಾವ ವಿಷಯಗಳ ಮೇಲೆ ಮಾಡಬಹುದು ಎಂದು ಪಟ್ಟಿ ಕೊಟ್ಟಿತು. ಆ ಪಟ್ಟಿಯನ್ನು ಮೂರು ಗುಂಪು ಮಾಡಬಹುದು.

1. ಗುರುತಿನ ನಿಯಮಗಳು. ಗಾಡಿಗೂ ಲೈಸೆನ್ಸ್, ಓಡಿಸುವವನಿಗೂ ಲೈಸೆನ್ಸ್. ಗಾಡಿಗೆ ನಂಬರ್. ಓಡಿಸುವವನ ಮೈಮೇಲೆ ಬಿಲ್ಲೆ. ದರದ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲ, ಬೇರೆ ಭಾಷೆಯಲ್ಲೂ ಗಾಡಿಯಲ್ಲಿ ತೋರುವಂತೆ ಹಾಕಿಸುವ ಅಧಿಕಾರ. ಇದರ ಅರ್ಥ ಗಮನಿಸಿ. ಊರಿಗೆ ಹೊಸದಾಗಿ ಬಂದವನಿಗೆ ಗಾಡಿಯವನ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ನಂಬರ್ ನೆನಪಿದ್ದರೆ ಸಾಕು, ದೂರು ಕೊಡಬಹುದು.

2. ಸೇವೆಯ ನಿಯಮಗಳು. ಗಾಡಿ ಎಲ್ಲಿ ನಿಲ್ಲಬೇಕು ಎಂಬ ಸ್ಟ್ಯಾಂಡ್. ಎಷ್ಟು ಜನ, ಎಷ್ಟು ಸಾಮಾನು ಎಂಬ ಮಿತಿ. ಸೂರ್ಯ ಮುಳುಗಿದ ಮೇಲೆ ದೀಪ. ಯಾವ ಹೊತ್ತಿನಲ್ಲಿ, ಯಾವ ಸಂದರ್ಭದಲ್ಲಿ ಗಾಡಿಯವನು ಬಾಡಿಗೆಗೆ ಬರಲೇಬೇಕು ಎಂಬ ಕಡ್ಡಾಯ. ಗಾಡಿಯಲ್ಲಿ ಮರೆತು ಬಿಟ್ಟ ವಸ್ತುವನ್ನು ತಂದೊಪ್ಪಿಸುವ ವ್ಯವಸ್ಥೆ, ಅದಕ್ಕೆ ವಸ್ತುವಿನ ಮಾಲೀಕ ಕೊಡಬೇಕಾದ ಶುಲ್ಕ. ಈ ಕೊನೆಯದು ಜಾಣ ನಿಯಮ. ತಂದುಕೊಟ್ಟವನಿಗೆ ಏನಾದರೂ ಸಿಕ್ಕರೆ ಪ್ರಾಮಾಣಿಕತೆಗೂ ಬೆಲೆ ಬರುತ್ತದೆ.

3. ಪ್ರಾಣಿಯ ನಿಯಮಗಳು. ಎಂಥ ಪ್ರಾಣಿ, ಅದರ ಸ್ಥಿತಿ ಹೇಗಿರಬೇಕು, ಲಗಾಮು ಮೊದಲಾದ ಸಜ್ಜು ಹೇಗಿರಬೇಕು, ಗಾಡಿ ಕಟ್ಟುವ ಜಾಗವನ್ನು ಬಂದು ತಪಾಸಣೆ ಮಾಡುವುದು.

ನಿಯಮ ಮುರಿದರೆ 50 ರೂಪಾಯಿಯವರೆಗೆ ದಂಡ. ಅಂದಿನ ಒಂದು ರೂಪಾಯಿಗೆ 16 ಆಣೆ. ದಿನದ ದುಡಿಮೆಯನ್ನು ಆಣೆಗಳಲ್ಲಿ ಎಣಿಸುವವನಿಗೆ 50 ರೂಪಾಯಿ ಎಂದರೆ ಕುದುರೆಯನ್ನೇ ಮಾರಬೇಕಾದ ಮೊತ್ತ.

ಬಾಡಿಗೆಯ ಬಗ್ಗೆ ಜಗಳವಾದರೆ? ಮ್ಯಾಜಿಸ್ಟ್ರೇಟರು ತೀರ್ಮಾನ ಮಾಡುತ್ತಾರೆ. ಜಗಳ ನಡೆಯುವ ಹೊತ್ತಿಗೆ ಊರಿನಲ್ಲಿ ಕೋರ್ಟು ನಡೆಯುತ್ತಿದ್ದರೆ, ಪ್ರಯಾಣಿಕನು ಅದೇ ಗಾಡಿಯಲ್ಲಿ ತನ್ನನ್ನು ಕೋರ್ಟಿಗೆ ಕರೆದೊಯ್ಯುವಂತೆ ಗಾಡಿಯವನನ್ನು ಕೇಳಬಹುದಿತ್ತು! ವ್ಯರ್ಥವಾದ ಸಮಯಕ್ಕೆ ಪರಿಹಾರ ಕೊಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಇತ್ತು. ಹಕ್ಕು ಹತ್ತಿರದಲ್ಲಿ, ಬೇಗ ಸಿಕ್ಕಬೇಕು ಎಂಬ ವಿಚಾರ ಇದರಲ್ಲಿದೆ. ಆದರೆ ಕೋರ್ಟಿಗೆ ಓಡಿಸು ಎನ್ನುವ ಧೈರ್ಯ ಯಾರಿಗೆ ಇರುತ್ತದೆ? ಓದು ಬಲ್ಲ, ಕಚೇರಿಯ ಭಾಷೆ ಬಲ್ಲ ಪ್ರಯಾಣಿಕನಿಗೆ. ಗಾಡಿಯವನು 'ನಡೆಯಿರಿ ಕೋರ್ಟಿಗೆ' ಎಂದು ಪ್ರಯಾಣಿಕನನ್ನು ಎಳೆದೊಯ್ಯಲು ಅಂಥದೇ ಸೌಲಭ್ಯ ಕೊಟ್ಟಿರಲಿಲ್ಲ.

ದರ ನಿಗದಿ: ದೂರಕ್ಕೋ, ಹೊತ್ತಿಗೋ?

ದರವನ್ನು ದೂರದ ಲೆಕ್ಕದಲ್ಲೂ ಕಟ್ಟಬಹುದು, ಹೊತ್ತಿನ ಲೆಕ್ಕದಲ್ಲೂ ಕಟ್ಟಬಹುದು ಎಂದು ಕಾಯ್ದೆ ಹೇಳಿತು. ಎರಡೂ ಏಕೆ? ಯೋಚಿಸಿ. ದೂರಕ್ಕೆ ಮಾತ್ರ ದರವಿದ್ದರೆ ಗಾಡಿಯವನು ಬೇಗ ಮುಗಿಸಿ ಮುಂದಿನ ಬಾಡಿಗೆ ಹಿಡಿಯಲು ಕುದುರೆಗೆ ಚಾವಟಿ ಬೀಸುತ್ತಾನೆ. ಪ್ರಯಾಣಿಕ ಕಚೇರಿಯ ಮುಂದೆ ಅರ್ಧ ಗಂಟೆ ಕಾಯಿಸಿದರೆ ಅವನಿಗೆ ಏನೂ ಸಿಗುವುದಿಲ್ಲ. ಹೊತ್ತಿಗೆ ಮಾತ್ರ ದರವಿದ್ದರೆ ಕುದುರೆ ಮೆಲ್ಲಗೆ ನಡೆಯುತ್ತದೆ, ಪ್ರಯಾಣಿಕನ ಜೇಬು ಖಾಲಿಯಾಗುತ್ತದೆ. ಇಂದಿನ ಆಟೋ ಮೀಟರಿನಲ್ಲಿ ಕಿಲೋಮೀಟರ್ ದರವೂ ಕಾಯುವ ದರವೂ ಎರಡೂ ಇರುವುದು ಈ ಹಳೆಯ ಸಮಸ್ಯೆಗೆ ಕಂಡುಕೊಂಡ ಉತ್ತರ. 1891ರಲ್ಲಿ ಜರ್ಮನಿಯ ಬ್ರೂನ್ ಎಂಬಾತ ಟ್ಯಾಕ್ಸಿಮೀಟರ್ ರೂಪಿಸಿದ ಮೇಲೆ ಆ ಲೆಕ್ಕ ಯಂತ್ರದ ಪಾಲಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಗರಿಷ್ಠ ಬೆಲೆ ಮಿತಿಯ ಪಾಠವೂ ಹೌದು. ದರವನ್ನು ಸರ್ಕಾರ ಕಟ್ಟುತ್ತದೆ, ಹುರುಳಿ ಮತ್ತು ಹುಲ್ಲಿನ ಬೆಲೆಯನ್ನು ಯಾರು ಕಟ್ಟುತ್ತಾರೆ? 1876ರಿಂದ 1878ರವರೆಗಿನ ಮಹಾ ಬರಗಾಲ ಬಳ್ಳಾರಿ ಜಿಲ್ಲೆಯನ್ನು ತೀವ್ರವಾಗಿ ಹಿಂಡಿತು. ಅಂಥ ವರ್ಷದಲ್ಲಿ ಮೇವಿನ ಬೆಲೆ ಏರುತ್ತದೆ. ಬಾಡಿಗೆ ಮಾತ್ರ ಪಟ್ಟಿಯಲ್ಲಿದ್ದಷ್ಟೇ ಇದ್ದರೆ, ಕೊರತೆ ಮೊದಲು ಬೀಳುವುದು ಕುದುರೆಯ ಹೊಟ್ಟೆಗೆ, ಆಮೇಲೆ ಗಾಡಿಯವನ ಮನೆಗೆ. ಲಂಡನ್ನಿನಲ್ಲೂ ಈ ಜಗಳ ನಡೆದಿತ್ತು. 1853ರಲ್ಲಿ ಅಲ್ಲಿನ ಪಾರ್ಲಿಮೆಂಟು ಮೈಲಿಗೆ 6 ಪೆನ್ನಿ ಎಂದು ದರ ಇಳಿಸಿದಾಗ ಗಾಡಿಯವರು ಆ ಜುಲೈನಲ್ಲಿ ಗಾಡಿ ಹೊರಗೆ ತೆಗೆಯದೆ ಮುಷ್ಕರ ಹೂಡಿದರು. ದರ ಕಟ್ಟುವವರು ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಒಳ್ಳೆಯ ನಿಯಮವೂ ರಸ್ತೆಯಲ್ಲಿ ನಿಲ್ಲುವುದಿಲ್ಲ.

ಕುದುರೆಯ ಪಾಲು

ಕುದುರೆ ದೂರು ಕೊಡಲಾರದು. 1890ರಲ್ಲಿ ಪ್ರಾಣಿಹಿಂಸೆ ತಡೆಯುವ ಕಾಯ್ದೆ ಬಂತು. ಸ್ವಾತಂತ್ರ್ಯದ ನಂತರ 1960ರಲ್ಲಿ ಹೊಸ ಕಾಯ್ದೆ, ಅದರಡಿ 1965ರಲ್ಲಿ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಬಂದವು. ಅವುಗಳ ಪ್ರಕಾರ ಪ್ರಾಣಿ ಎಳೆಯುವ ಗಾಡಿಯಲ್ಲಿ, ಓಡಿಸುವವನನ್ನೂ 6 ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು, 4 ಜನರಿಗಿಂತ ಹೆಚ್ಚು ಕೂರುವಂತಿಲ್ಲ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚುವಂತಿಲ್ಲ. ನಮ್ಮ ಹೊಸಪೇಟೆ, ಕಂಪ್ಲಿಯ ಏಪ್ರಿಲ್, ಮೇ ತಿಂಗಳನ್ನು ಬಲ್ಲವರಿಗೆ ಈ ಕೊನೆಯ ನಿಯಮದ ಬೆಲೆ ಬೇಗ ತಿಳಿಯುತ್ತದೆ. ಈ ನಿಯಮಗಳು ಇಂದು ಎತ್ತಿನ ಗಾಡಿಗೂ ಅನ್ವಯ.

ಇಂದು ಉಳಿದಿರುವುದು

1988ರ ಮೋಟಾರು ವಾಹನ ಕಾಯ್ದೆಯನ್ನು ತೆರೆದರೆ 'ಸ್ಟೇಜ್ ಕ್ಯಾರೇಜ್' ಎಂಬ ಪದ ಹಾಗೆಯೇ ಇದೆ. ಪ್ರತಿಯೊಬ್ಬ ಪ್ರಯಾಣಿಕನಿಂದ ಬೇರೆ ಬೇರೆ ಟಿಕೆಟ್ ಹಣ ಪಡೆಯುವ, 6ಕ್ಕಿಂತ ಹೆಚ್ಚು ಜನರನ್ನು ಒಯ್ಯುವ ವಾಹನ ಅದು. ನೀವು ಕಾಲೇಜಿಗೆ ಬರುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಆ ಗುಂಪಿಗೆ ಸೇರುತ್ತದೆ. ಆಟೋ 'ಕಾಂಟ್ರ್ಯಾಕ್ಟ್ ಕ್ಯಾರೇಜ್', ಅಂದರೆ ಇಡೀ ವಾಹನವನ್ನು ಬಾಡಿಗೆಗೆ ಪಡೆಯುವುದು. ಹಳೆಯ ಜಟಕಾದ ಜಾಗಕ್ಕೆ ಬಂದಿರುವುದು ಇದೇ. ಆಟೋ ದರವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ನಿಗದಿ ಮಾಡುತ್ತದೆ. ನಿಯಮ ಮೀರಿ ಬಾಡಿಗೆಗೆ ಬರಲು ನಿರಾಕರಿಸುವುದು 178ನೇ ಕಲಂ ಪ್ರಕಾರ ಇಂದಿಗೂ ಅಪರಾಧ. ಕುದುರೆ ಹೋಯಿತು, ನಿಯಮದ ಚೌಕಟ್ಟು ಉಳಿಯಿತು.

ನಮ್ಮ ವಿದ್ಯಾರ್ಥಿಗಳಲ್ಲಿ ದಿನಾ ಆಟೋ ಹತ್ತುವವರೂ ಇದ್ದಾರೆ, ಆಟೋ ಓಡಿಸುವ ತಂದೆ, ಅಣ್ಣ, ಮಾಮುಗಳ ದುಡಿಮೆಯಿಂದ ಓದುತ್ತಿರುವವರೂ ಇದ್ದಾರೆ. ದರದ ಪಟ್ಟಿ ಇಬ್ಬರಿಗೂ ಸೇರಿದ್ದು. ಪ್ರಯಾಣಿಕನಿಗೆ ಅದು ಮೋಸದ ವಿರುದ್ಧ ರಕ್ಷಣೆ. ಓಡಿಸುವವನಿಗೆ ಅದು ಚೌಕಾಸಿಯ ಅವಮಾನದ ವಿರುದ್ಧ ರಕ್ಷಣೆ, ಗ್ಯಾಸ್ ಮತ್ತು ಬಿಡಿಭಾಗದ ಬೆಲೆಗೆ ತಕ್ಕಂತೆ ಅದನ್ನು ಆಗಾಗ ತಿದ್ದಿದರೆ ಮಾತ್ರ. 1879ರವರು ದರವನ್ನು ಜನರ ಭಾಷೆಯಲ್ಲಿ ಕಣ್ಣಿಗೆ ಕಾಣುವಂತೆ ಹಾಕಿಸಲು ಯೋಚಿಸಿದ್ದರು, ಆದರೆ ಗಾಡಿಯವನನ್ನು ಕೂರಿಸಿಕೊಂಡು ದರ ಕಟ್ಟಲು ಯೋಚಿಸಲಿಲ್ಲ. ಮೊದಲನೆಯದನ್ನು ನಾವು ಉಳಿಸಿಕೊಳ್ಳಬೇಕು, ಎರಡನೆಯದನ್ನು ತಿದ್ದಿಕೊಳ್ಳಬೇಕು.

ಚರ್ಚೆಗೆ ಪ್ರಶ್ನೆಗಳು

1. ತಲೆಗಿಷ್ಟು ಎಂದು ಹಣ ಪಡೆಯುವ ಶೇರ್ ಆಟೋ ಸ್ಟೇಜ್ ಕ್ಯಾರೇಜೋ, ಕಾಂಟ್ರ್ಯಾಕ್ಟ್ ಕ್ಯಾರೇಜೋ? ಕಾರಣ ಕೊಡಿ.
2. ಹಂಪಿ ಜಾತ್ರೆಯ ದಿನ ದರ ಏರಿಸಲು ಬಿಡಬೇಕೇ? ಪ್ರಯಾಣಿಕನ ಪರವಾಗಿ ಒಂದು, ಓಡಿಸುವವನ ಪರವಾಗಿ ಒಂದು ವಾದ ಬರೆಯಿರಿ.
3. ನಿಮ್ಮ ಮನೆಯ ಅಥವಾ ಓಣಿಯ ಹಿರಿಯರಲ್ಲಿ ಜಟಕಾ ಹತ್ತಿದವರು, ಓಡಿಸಿದವರು ಇದ್ದರೆ ಸ್ಟ್ಯಾಂಡ್ ಎಲ್ಲಿತ್ತು, ಬಾಡಿಗೆ ಎಷ್ಟಿತ್ತು, ಕುದುರೆಗೆ ಏನು ಹಾಕುತ್ತಿದ್ದರು ಎಂದು ಕೇಳಿ ಒಂದು ಪುಟ ಬರೆದು ತನ್ನಿ.