ಎಮ್ಮೆ ಮೈ ತೊಳೆಯುವಾಗ ಮೂಗು ಜೋಪಾನ

ಬೇಸಿಗೆಯಲ್ಲಿ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಎಮ್ಮೆಗಳನ್ನು ಕೆರೆ-ಹೊಂಡಕ್ಕೆ ಇಳಿಸುತ್ತೀರಿ. ಹಿಂದೆಯೇ ಮಕ್ಕಳೂ ಧುಮುಕುತ್ತಾರೆ. ಹಾಗೆ ಬೆಚ್ಚಗೆ ನಿಂತ ನೀರಿನಲ್ಲಿ, ತಳದ ಕೆಸರಿನಲ್ಲಿ ನೆಗ್ಲೇರಿಯಾ ಫೌಲೆರಿ ಎಂಬ ಕಣ್ಣಿಗೆ ಕಾಣದ ಅಮೀಬಾ ಬೆಳೆಯಬಲ್ಲದು. ನೀರು ಕುಡಿದರೆ ಈ ರೋಗ ಬಾರದು. ಮೂಗಿಗೆ ನುಗ್ಗಿದರೆ ಅಮೀಬಾ ವಾಸನೆಯ ನರ ಹಿಡಿದು ಮೆದುಳು ಸೇರುತ್ತದೆ. ಬಹಳ ಅಪರೂಪದ ರೋಗ, ಆದರೆ ಬಂದವರಲ್ಲಿ ಉಳಿದವರು ಕಡಿಮೆ. ಕೇರಳದಲ್ಲಿ ಪ್ರಕರಣಗಳು ಹೆಚ್ಚಿದಾಗ, 2025ರ ನವೆಂಬರಿನಲ್ಲಿ ನಮ್ಮ ಆರೋಗ್ಯ ಇಲಾಖೆಯೂ ಶಬರಿಮಲೆ ಯಾತ್ರಿಕರಿಗೆ ಎಚ್ಚರಿಕೆ ನೀಡಿತ್ತು.

ಆದಷ್ಟು ಕೊಟ್ಟಿಗೆ ಬಳಿಯೇ ಬಕೆಟ್ ನೀರಿನಲ್ಲಿ ಮೈ ತೊಳೆಯಿರಿ. ಹೊಂಡಕ್ಕಿಳಿದರೆ ಮುಳುಗಬೇಡಿ, ಕೆಸರು ಕಲಕಬೇಡಿ. (ಎಮ್ಮೆ ಕೇಳೀತೇ? ಮಕ್ಕಳಾದರೂ ಕೇಳಲಿ.) ಈಜಿದ 12 ದಿನಗಳೊಳಗೆ ತೀವ್ರ ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ, ಹೊಂಡದಲ್ಲಿ ಈಜಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.